ಮರ ಕಡಿದರೆ ನೀರು ಹೆಚ್ಚುವ ಬೆಟ್ಟಗಳು

ಜೂನ್ ಬಂತೆಂದರೆ ಫೇಸ್‌ಬುಕ್ ತುಂಬ ಸಸಿ ನೆಡುವ ಫೋಟೋಗಳು. ಒಳ್ಳೆಯದೇ. ಆದರೆ "ಯಾವ ಸಸಿ, ಎಲ್ಲಿ ನೆಟ್ಟಿರಿ?" ಅಂತ ಯಾರಾದರೂ ಕೇಳಿದರೆ ಸಾಕು, ಕೇಳಿದವರೇ ಪರಿಸರ ವಿರೋಧಿ ಆಗಿಬಿಡುತ್ತಾರೆ. ಇದೇ ಪ್ರಶ್ನೆಯನ್ನು ದಶಕಗಟ್ಟಲೆ ಅಳೆದು ನೋಡಿ, ಕೊನೆಗೆ ಗರಗಸ ಹಿಡಿದು ಬೆಟ್ಟ ಹತ್ತಿದ ಊರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್. ಅಲ್ಲಿ ಆದದ್ದನ್ನು ನಮ್ಮಲ್ಲಿ ಸಸಿ ಹಂಚುವವರೆಲ್ಲ ಒಮ್ಮೆ ಓದಬೇಕು.

ಕೇಪ್‌ನ ಹವಾಮಾನ ನಮ್ಮದಕ್ಕೆ ತಿರುವುಮುರುವು. ಮಳೆ ಚಳಿಗಾಲದಲ್ಲಿ, ಮೇ ತಿಂಗಳಿಂದ ಆಗಸ್ಟ್‌ವರೆಗೆ, ದಕ್ಷಿಣದ ಸಾಗರದಿಂದ ಬರುವ ಶೀತ ಮಾರುತಗಳ ಜೊತೆ. ಬೇಸಿಗೆ ಒಣ, ಮೇಲಿಂದ ಆಗ್ನೇಯದ ಬಿರುಗಾಳಿ. ಈ ಗಾಳಿಯೇ ಊರಿನ ಬೆನ್ನಿಗಿರುವ ಟೇಬಲ್ ಮೌಂಟನ್ ಬೆಟ್ಟದ ಮೇಲೆ ಬಿಳಿ ಮೋಡದ ಹಾಸು ಹೊದಿಸುವುದು, ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರನ್ನು ಮೇಲೆಳೆದು ಮೀನಿಗೆ ಮೇವು ಒದಗಿಸುವುದು, ಕಾಳ್ಗಿಚ್ಚನ್ನು ಊರೊಳಗೆ ತಳ್ಳುವುದೂ ಇದೇ. ಬೆಟ್ಟದ ಒಂದು ಮಗ್ಗುಲಿನ ನ್ಯೂಲ್ಯಾಂಡ್ಸ್‌ನಲ್ಲಿ ವರ್ಷಕ್ಕೆ 1,500 ಮಿ.ಮೀ. ದಾಟಿ ಮಳೆ, ಅಲ್ಲೇ ಹತ್ತಿರದ ವಿಮಾನ ನಿಲ್ದಾಣದ ಬಯಲಿನಲ್ಲಿ ಅದರ ಮೂರನೇ ಒಂದು ಭಾಗ.

ಈ ಬೆಟ್ಟಗಳ ಮೇಲೆ ಸಹಜವಾಗಿ ಬೆಳೆಯುವುದು ಫೈನ್‌ಬಾಸ್ ಎಂಬ ಕುರುಚಲು. ಪ್ರೋಟಿಯಾ, ಎರಿಕಾ, ಜೊಂಡಿನಂಥ ರೆಸ್ಟಿಯೊ, ಗೆಡ್ಡೆಗಿಡಗಳು. ನೋಡಲು ಬಡಕಲು, ಆದರೆ ಸುಮಾರು 90,000 ಚದರ ಕಿ.ಮೀ. ಜಾಗದಲ್ಲಿ 9,000ದಷ್ಟು ಜಾತಿಯ ಸಸ್ಯಗಳಿವೆ. ಮೂರರಲ್ಲಿ ಎರಡು ಜಗತ್ತಿನ ಬೇರೆಲ್ಲೂ ಸಿಗುವುದಿಲ್ಲ. ಮಣ್ಣು ಮರಳುಗಲ್ಲಿನ ಪುಡಿ, ಸತ್ವ ಇಲ್ಲ. ಎತ್ತರದ ಮರಗಳ ಕಾಡು ಇರುವುದು ಬೆಂಕಿ ತಲುಪದ ಒದ್ದೆ ಕೊರಕಲುಗಳಲ್ಲಿ ಮಾತ್ರ.

ಫೈನ್‌ಬಾಸ್‌ಗೆ ಬೆಂಕಿ ಬೇಕು, ಆದರೆ ಲೆಕ್ಕದ ಬೆಂಕಿ. ಸುಮಾರು 10ರಿಂದ 20 ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಗೆ ಬಿದ್ದರೆ ಸರಿ. ಎಷ್ಟೋ ಜಾತಿಯ ಪ್ರೋಟಿಯಾ ತನ್ನ ಬೀಜವನ್ನು ಒಣಗಿದ ಹೂತಲೆಯೊಳಗೇ ಬಿಗಿಯಾಗಿ ಇಟ್ಟುಕೊಂಡಿರುತ್ತದೆ. ಬೆಂಕಿಗೆ ತಾಯಿಗಿಡ ಸಾಯುತ್ತದೆ, ತಲೆ ಬಿಚ್ಚಿ ಬೀಜ ಉದುರುತ್ತದೆ, ಕೆಲವೇ ವಾರಗಳಲ್ಲಿ ಮಳೆ ಬಂದು ಮೊಳೆಯುತ್ತದೆ. ಅದೇ ಬೆಂಕಿ ವಸಂತದಲ್ಲಿ ಬಿದ್ದರೆ ಬೀಜ ಇಡೀ ಬೇಸಿಗೆ ನೆಲದ ಮೇಲೆ ಬಿದ್ದು ಇಲಿಗಳ ಪಾಲು. ಐದು ವರ್ಷದೊಳಗೆ ಎರಡನೇ ಸಲ ಬಿದ್ದರೆ ಹೊಸ ಗಿಡ ಇನ್ನೂ ಬೀಜವನ್ನೇ ಕಟ್ಟಿರುವುದಿಲ್ಲ, ಆ ಗುಡ್ಡದಿಂದ ಆ ಜಾತಿಯೇ ಹೋಯಿತು.

ಇನ್ನು ಕೆಲವು ಗಿಡಗಳದ್ದು ಇರುವೆಯ ವ್ಯವಹಾರ. ಬೀಜದ ತುದಿಯಲ್ಲಿ ಸಣ್ಣ ಕೊಬ್ಬಿನ ಗುಬುಟು ಇರುತ್ತದೆ. ಸ್ಥಳೀಯ ಇರುವೆ ಬೀಜವನ್ನು ಗೂಡಿಗೆ ಎಳೆದೊಯ್ದು, ಗುಬುಟನ್ನು ತಿಂದು, ಬೀಜವನ್ನು ನೆಲದೊಳಗೇ ಬಿಡುತ್ತದೆ. ಮುಂದಿನ ಬೆಂಕಿಯವರೆಗೆ ಅದು ಅಲ್ಲಿ ಭದ್ರ. ಈಗ ಹೊರಗಿಂದ ಬಂದ ಅರ್ಜೆಂಟೀನಾ ಇರುವೆ ಸ್ಥಳೀಯ ಇರುವೆಯನ್ನು ಓಡಿಸಿ, ಗುಬುಟನ್ನು ನೆಲದ ಮೇಲೇ ತಿಂದು, ಬೀಜವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಗಿಡ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಪೆಟ್ಟು ಗೊತ್ತಾಗುವುದು ಮುಂದಿನ ಬೆಂಕಿ ಆರಿದ ಮೇಲೆ.

ಈ ಕರಾವಳಿಯಲ್ಲಿ ಮನುಷ್ಯರ ವಾಸ ನಿನ್ನೆ ಮೊನ್ನೆಯದಲ್ಲ. ಬ್ಲಾಂಬಾಸ್ ಗುಹೆಯಲ್ಲಿ ಸಿಕ್ಕ ಗೀರುಚಿತ್ರವಿರುವ ಕಾವಿಕಲ್ಲಿಗೆ 70,000 ವರ್ಷಕ್ಕೂ ಮೀರಿದ ವಯಸ್ಸು. ಗೆಡ್ಡೆ ಅಗೆಯುತ್ತ, ಚಿಪ್ಪುಮೀನು ಆಯುತ್ತ ಬದುಕಿದ ಸ್ಯಾನ್ ಜನ; ಸುಮಾರು 2,000 ವರ್ಷದ ಹಿಂದಿನಿಂದ ಕುರಿ, ಆಮೇಲೆ ದನ ಮೇಯಿಸಿದ ಖೋಯಿಖೋಯಿ ಜನ. ಮೇವು ಚಿಗುರಲೆಂದು ಇವರೂ ಬೆಂಕಿ ಹಾಕುತ್ತಿದ್ದರು, ಆದರೆ ಬೆಟ್ಟಕ್ಕೆ ಹೊರಗಿನ ಮರ ತಂದವರಲ್ಲ. 1505ರಲ್ಲಿ ಕಾರವಾರದೆದುರಿನ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಮೇಲೂ ದಾಳಿ ಮಾಡಿದ್ದ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಊರಿಗೆ ಮರಳುವ ದಾರಿಯಲ್ಲಿ 1510ರಲ್ಲಿ ಸತ್ತದ್ದು ಇದೇ ಖೋಯಿಖೋಯಿಗಳ ಕೈಯಲ್ಲಿ, ಟೇಬಲ್ ಕೊಲ್ಲಿಯ ದಂಡೆಯ ಮೇಲೆ. ನಮ್ಮ ಪಠ್ಯಪುಸ್ತಕದವರು ಇದನ್ನು ಯಾಕೆ ಬಿಟ್ಟರೋ!

1652ರಲ್ಲಿ ಡಚ್ ಕಂಪನಿ ನೆಲೆಯೂರಿತು. ಹಡಗಿಗೆ, ಮನೆಗೆ, ಒಲೆಗೆ ಮರ ಬೇಕು. ಕೊರಕಲುಗಳ ಕಾಡು ಬೇಗ ಬರಿದಾಯಿತು. ಬೆಟ್ಟ ಅವರ ಕಣ್ಣಿಗೆ ಬೋಳಾಗಿ ಕಂಡಿತು. ಮೆಡಿಟರೇನಿಯನ್ ಕಡೆಯ ಪೈನ್ ಬಂತು, ಮುಂದೆ ಕ್ಯಾಲಿಫೋರ್ನಿಯಾದ ಪೈನ್, ಮರಳುದಿಬ್ಬ ಹಿಡಿದು ನಿಲ್ಲಿಸಲು ಆಸ್ಟ್ರೇಲಿಯಾದ ಅಕೇಶಿಯಾ, ಬೇಲಿಗೆ ಅಲ್ಲಿನದೇ ಚುಚ್ಚುವ ಪೊದೆ ಹೇಕಿಯಾ. ಬ್ರಿಟಿಷರ ಕಾಲದಲ್ಲಿ, 1880ರ ದಶಕದಿಂದ, ಸರ್ಕಾರವೇ ತೋಪು ಹಾಕಿತು. "ಮರ ಬೆಳೆಸಿದರೆ ನೀರು ಹೆಚ್ಚುತ್ತದೆ" ಅನ್ನುವ ನಂಬಿಕೆ ಆಗಲೂ ಜೋರಾಗಿತ್ತು.

ಅದನ್ನು ಅಳೆದು ನೋಡಿದ್ದು 1930ರ ದಶಕದಲ್ಲಿ, ಸ್ಟೆಲೆನ್‌ಬಾಷ್ ಹತ್ತಿರದ ಯೊಂಕರ್ಸ್‌ಹುಕ್ ಕಣಿವೆಯಲ್ಲಿ. ಅಕ್ಕಪಕ್ಕದ ತೊರೆಗಳಿಗೆ ಅಳತೆಯ ಕಟ್ಟೆ ಹಾಕಿದರು. ಕೆಲವು ತೊರೆಗಳ ಜಲಾನಯನದಲ್ಲಿ ಪೈನ್ ನೆಟ್ಟು, ಒಂದನ್ನು ಫೈನ್‌ಬಾಸ್ ಆಗಿಯೇ ಬಿಟ್ಟರು. ಪೈನ್ ಬೆಳೆದಂತೆಲ್ಲ ಅದರ ಕೆಳಗಿನ ತೊರೆ ಬಡವಾಯಿತು. ಕಾರಣ ಸರಳ: ಮಳೆಯ ಒಂದಷ್ಟು ಪಾಲು ಎಲೆ ಮೇಲೇ ಕೂತು ಆವಿಯಾಗುತ್ತದೆ, ಇಳಿದದ್ದನ್ನು ಆಳದ ಬೇರು ವರ್ಷವಿಡೀ ಎಳೆಯುತ್ತದೆ. ಬೇಸಿಗೆಯಲ್ಲಿ ಬಂಡೆ ಬಿರುಕಿನಿಂದ ಜಿನುಗುವ ನೀರೇ ತೊರೆಯ ಜೀವ. ಆ ಹೊತ್ತಿನಲ್ಲೇ ಹೊಡೆತ ಹೆಚ್ಚು.

ಇಲ್ಲಿ ಒಂದು ಮಾತು. ಈ ಲೆಕ್ಕವನ್ನು ನಮ್ಮ ಮಲೆನಾಡಿಗೆ ಹಾಗೇ ತಂದು ಅಂಟಿಸಬೇಡಿ. ನಮ್ಮ ಮುಂಗಾರು, ನಮ್ಮ ಮಣ್ಣು, ನಮ್ಮ ಮಳೆಕಾಡು ಬೇರೆ. ಆದರೆ ಬಯಲುಸೀಮೆಯ ನೀಲಗಿರಿ ತೋಪಿನ ಪಕ್ಕದ ಬಾವಿಯ ಬಗ್ಗೆ ರೈತರು ವರ್ಷಗಟ್ಟಲೆ ದೂರಿದ ಮೇಲೆ, 2017ರಲ್ಲಷ್ಟೇ ಸರ್ಕಾರ ಹೊಸ ನೀಲಗಿರಿಗೆ ತಡೆ ಹಾಕಿತು. ಘಟ್ಟದ ಮೇಲೆ ಶೋಲೆ ಕಾಡಿನ ನಡುವಿನ ಹುಲ್ಲುಗಾವಲನ್ನು "ಬೋಳುಗುಡ್ಡ" ಅಂತ ಬರೆದುಕೊಂಡು ಅಕೇಶಿಯಾ ಹಾಕುವ ಬುದ್ಧಿಯೂ ಆ ಡಚ್ಚರ ಬುದ್ಧಿಯೂ ಒಂದೇ.

ಕೇಪ್‌ಟೌನ್‌ಗೆ ನೀರು ಕೊಡುವುದು ಮುಖ್ಯವಾಗಿ ಆರು ಜಲಾಶಯ. ಎಲ್ಲ ಸೇರಿ ಸುಮಾರು 32 ಟಿಎಂಸಿ, ಅಂದರೆ ನಮ್ಮ ಕೆಆರ್‌ಎಸ್ ಒಂದಕ್ಕಿಂತ ಕಡಿಮೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಥೀವಾಟರ್ಸ್‌ಕ್ಲೂಫ್ ಒಂದರಲ್ಲೇ. 2015ರಿಂದ 2017ರವರೆಗೆ ಮೂರು ಚಳಿಗಾಲ ಸಾಲಾಗಿ ಕೈಕೊಟ್ಟವು. 2018ರ ಫೆಬ್ರುವರಿಯಿಂದ ತಲೆಗೆ ದಿನಕ್ಕೆ 50 ಲೀಟರ್ ಮಿತಿ. ಜಲಾಶಯಗಳು 13.5 ಶೇಕಡಕ್ಕೆ ಇಳಿದರೆ ಹೆಚ್ಚಿನ ಮನೆಗಳ ನಲ್ಲಿ ಬಂದ್, ಸುಮಾರು 200 ಕೇಂದ್ರಗಳಲ್ಲಿ ಸಾಲು ನಿಂತು ತಲೆಗೆ 25 ಲೀಟರ್. ಇದೇ ಆ 'ಡೇ ಝೀರೋ'. ಜನ ಬಳಕೆಯನ್ನು ಅರ್ಧದಷ್ಟು ತಗ್ಗಿಸಿದರು, ಮಳೆಯೂ ಬಂತು, ಬಚಾವಾದರು. ಆಮೇಲೆ ಹಾಕಿದ ಲೆಕ್ಕದ ಪ್ರಕಾರ ಹೊರಗಿನ ಮರಗಳು ಈ ಜಲಾನಯನಗಳಲ್ಲಿ ವರ್ಷಕ್ಕೆ ಹೀರುವ ನೀರು ಸುಮಾರು 5,500 ಕೋಟಿ ಲೀಟರ್, ಹತ್ತಿರಹತ್ತಿರ 2 ಟಿಎಂಸಿ. ಸಮುದ್ರದ ನೀರು ಸಿಹಿ ಮಾಡುವುದಕ್ಕಿಂತ ಮರ ಕಡಿಯುವುದು ಎಷ್ಟೋ ಪಾಲು ಅಗ್ಗ.

ಕಡಿಯುವುದೂ ಸುಮ್ಮನೆ ಆಗುವ ಕೆಲಸವಲ್ಲ. ಪೈನ್ ಸುಲಭ: ಕೆಳಗಿನ ಹಸಿರು ಕೊಂಬೆಗಿಂತ ಕೆಳಗೆ ಕುಯ್ದರೆ ಮತ್ತೆ ಚಿಗುರುವುದಿಲ್ಲ, ಔಷಧಿ ಬೇಡ. ಕಡಿದಾದ ಮೇಲ್ಬೆಟ್ಟದಲ್ಲಿ ಮಾತ್ರ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಹೇಕಿಯಾ ಕಡಿದ ಕೆಲ ದಿನಗಳಲ್ಲೇ ಮರದಂಥ ಗಟ್ಟಿ ಕಾಯಿ ಬಿರಿದು ಬೀಜ ಚೆಲ್ಲುತ್ತದೆ. ಅದಕ್ಕೇ ಒಂದು, ಒಂದೂವರೆ ವರ್ಷ ಕಾದು, ಸಸಿ ಎದ್ದ ಮೇಲೆ ಬೆಂಕಿ ಕೊಡುತ್ತಾರೆ. ಪೋರ್ಟ್ ಜಾಕ್ಸನ್ ಅಕೇಶಿಯಾ ಎಲ್ಲಕ್ಕಿಂತ ಹಟಮಾರಿ. ನೆಲಕ್ಕೆ ಹತ್ತಿರ ಕುಯ್ದು, ಕುಯ್ದ ಕೂಡಲೇ ಬೊಡ್ಡೆಗೆ ಕಳೆನಾಶಕ ಬಳಿಯಬೇಕು. ತಡವಾದರೆ ಹತ್ತು ಚಿಗುರು. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. 1987ರಲ್ಲಿ ಆಸ್ಟ್ರೇಲಿಯಾದಿಂದ ತಂದು ಬಿಟ್ಟ ಗಂಟುರೋಗದ ಶಿಲೀಂಧ್ರ ಒಂದಷ್ಟು ಮಟ್ಟ ಹಾಕಿದೆ. ಕಡಿದ ಸೌದೆಯನ್ನು ದೊಡ್ಡ ರಾಶಿ ಒಟ್ಟಿ ಸುಟ್ಟರೆ ಕಾವಿಗೆ ಅಡಿಯ ಫೈನ್‌ಬಾಸ್ ಬೀಜವೆಲ್ಲ ಹುರಿದುಹೋಗುತ್ತದೆ, ಆ ವೃತ್ತದಲ್ಲಿ ವರ್ಷಗಟ್ಟಲೆ ಏನೂ ಏಳುವುದಿಲ್ಲ.

1995ರಲ್ಲಿ ಭಾರತೀಯ ಮೂಲದ ಜಲ ಮತ್ತು ಅರಣ್ಯ ಸಚಿವ ಕಾದರ್ ಅಸ್ಮಲ್ ಶುರು ಮಾಡಿಸಿದ 'ವರ್ಕಿಂಗ್ ಫಾರ್ ವಾಟರ್' ಯೋಜನೆ ಬಡವರಿಗೆ ಈ ಕೆಲಸದಲ್ಲೇ ಕೂಲಿ ಕೊಟ್ಟಿತು. ಯೋಜನೆ ಒಳ್ಳೆಯದು. ಎಡವುವುದು ಎಲ್ಲಿ ಅಂದರೆ, ಮೊದಲ ಸುತ್ತಿಗೆ ಹಣ, ಫೋಟೋ, ಸುದ್ದಿ ಎಲ್ಲ ಇರುತ್ತದೆ. ಒಂದೆರಡು ವರ್ಷದಲ್ಲಿ ಮೊಳೆತ ಸಸಿ ಕೀಳುವ ಎರಡನೇ, ಮೂರನೇ ಸುತ್ತಿಗೆ ಯಾರೂ ಇರುವುದಿಲ್ಲ. ಹಾಗೆ ಬಿಟ್ಟ ಜಾಗ ಕಡಿಯುವ ಮೊದಲಿಗಿಂತ ದಟ್ಟವಾಗುತ್ತದೆ.

ಕೇಪ್‌ಟೌನ್‌ನ ಬಡಾವಣೆ ಟೋಕಾಯ್‌ನಲ್ಲಿ ಜಗಳವೇ ಬೇರೆ. ಅಲ್ಲಿನ ಪೈನ್ ತೋಪು ವಾಕಿಂಗ್ ಹೋಗುವವರಿಗೆ ನೆರಳು. ಕಡಿಯಬೇಡಿ ಅಂತ ಕೋರ್ಟಿಗೂ ಹೋದರು. ಅವರ ಸಂಕಟ ಸುಳ್ಳಲ್ಲ, ಕೇಪ್‌ನ ಬಿಸಿಲು ಚುರುಕು. ಆದರೆ ತೋಪು ತೆಗೆದು ನೆಲ ಸುಟ್ಟ ಕಡೆ ನೂರು ವರ್ಷದಷ್ಟು ಕಾಲ ಪೈನ್ ಅಡಿಯಲ್ಲಿ ಮಲಗಿದ್ದ ಬೀಜ ಎದ್ದು ಬಂತು, ಬಯಲಿನ ಮರಳು ಫೈನ್‌ಬಾಸ್. ಜಗತ್ತಿನಲ್ಲಿ ಈಗ ಚೂರುಚೂರು ಉಳಿದಿರುವಂಥದ್ದು. ಕಾಡಿನಿಂದ ಅಳಿದುಹೋಗಿ ಉದ್ಯಾನಗಳಲ್ಲಷ್ಟೇ ಬದುಕಿದ್ದ ಎರಿಕಾ ವರ್ಟಿಸಿಲಾಟವನ್ನೂ ಅಲ್ಲಿ ಮತ್ತೆ ನೆಟ್ಟಿದ್ದಾರೆ. ನೆರಳು ಬೇಕಿದ್ದವರಿಗೆ ತೋಪಿನಂಚಿನ ದಾರಿಗುಂಟ ಸ್ಥಳೀಯ ಮರದ ಸಾಲು ಹಾಕಿಕೊಡಲಿ, ನನ್ನ ತಕರಾರಿಲ್ಲ. ಒಳಗಿನ ಜಾಗ ಮಾತ್ರ ಕುರುಚಲಿಗೇ ಇರಲಿ.