ಸಾರಿಗೆ ಬಿದ್ದ ಪಾಸ್ತಾ

ಈ ಜನವರಿಯಲ್ಲಿ ನಮ್ಮ ಮನೆಯ ಸಾರಿನ ಪಾತ್ರೆಗೆ ಪಾಸ್ತಾ ಬಿತ್ತು. ಬಿತ್ತು ಅಂದರೆ ತಾನಾಗಿ ಏನೂ ಬೀಳಲಿಲ್ಲ, ನಾನೇ ಹಾಕಿದ್ದು. ಹಿಂದಿನ ರಾತ್ರಿಯ ಹಿತಕಿದ ಬೇಳೆ ಸಾರು ನಾಲ್ಕೈದು ಸೌಟು ಉಳಿದಿತ್ತು. ಚೆಲ್ಲುವ ಮಾತೇ ಇಲ್ಲ. ಸೊಗಡಿನ ಅವರೆಕಾಯಿ ಆರಿಸಿ ತಂದು, ಸುಲಿದು, ಕಾಳನ್ನು ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಟಿವಿ ಮುಂದೆ ಕೂತು ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ ಪುಳಕ್ ಪುಳಕ್ ಅಂತ ಸಿಪ್ಪೆಯಿಂದ ಹಾರಿಸಿದವರಿಗೆ ಗೊತ್ತು, ಆ ಸಾರಿನ ಒಂದು ಚಮಚವನ್ನೂ ಸಿಂಕಿಗೆ ಸುರಿಯೋಕೆ ಕೈ ಬರುವುದಿಲ್ಲ.

ಅತ್ತ ಮಗಳು ಅರ್ಧ ಪ್ಯಾಕೆಟ್ ಪಾಸ್ತಾ ಬೇಯಿಸಿಟ್ಟು ಫ್ರಿಜ್ಜಿನಿಂದ ಸಾಸ್ ಬಾಟಲಿ ತೆಗೆದರೆ ಒಳಗೆ ಬೂಷ್ಟು. ಬೆಂದ ಪಾಸ್ತಾ ಜರಡಿಯಲ್ಲಿ ಅಂಟಿಕೊಳ್ಳುತ್ತಾ ಕೂತಿದೆ, ಅನ್ನಕ್ಕಿನ್ನೂ ಇಟ್ಟಿಲ್ಲ, ಎಲ್ಲರಿಗೂ ಹಸಿವು. ಇನ್ನೇನು ಮಾಡೋದು? ಸಾರನ್ನು ಕುದಿಸಿ, ಪಾಸ್ತಾ ಸುರಿದು, ತುಪ್ಪದಲ್ಲಿ ಇಂಗು ಕರಿಬೇವಿನ ಒಗ್ಗರಣೆ ಕೊಟ್ಟೆ. ತಟ್ಟೆಗೆ ಬಡಿಸಿ ನೋಡಿದರೆ ಪಾಸ್ತಾದ ಒಂದೊಂದು ಕೊಳವೆಯೊಳಗೂ ಒಂದೊಂದು ಅವರೆಬೇಳೆ ಹೋಗಿ ಬೆಚ್ಚಗೆ ಕೂತಿತ್ತು, ಬೇಕೂಂತಲೇ ಯಾರೋ ತುಂಬಿಸಿಟ್ಟ ಹಾಗೆ.

"ಇದೇನಮ್ಮಾ, ಪರಂಗಿಯವರ ಅಡುಗೆ?" ಅಂದರು ಅತ್ತೆ. ಅಂದವರು ಎರಡು ಸಲ ಹಾಕಿಸಿಕೊಂಡರು, ಅದು ಬೇರೆ ಮಾತು. ಹೊಸದೇನೋ ಕಂಡುಹಿಡಿದೆ ಅಂತ ನಾನು ಬೀಗುತ್ತಾ ಇರುವಾಗ ಮಗಳು ಫೋನ್ ನೋಡಿಕೊಂಡೇ, "ಅಮ್ಮಾ, ಇಟಲಿಯವರು ಪಾಸ್ತಾಗೆ ಹುರುಳಿಕಾಯಿ ಬೀಜದ ಥರದ್ದು ಹಾಕಿ ಯಾವಾಗಿಂದಲೋ ಮಾಡ್ತಾರೆ, ಪಾಸ್ತಾ ಎ ಫಜೋಲಿ ಅಂತ" ಅಂದಳು. ಗುಜರಾತಿಗಳ ದಾಲ್ ಢೋಕ್ಲಿಯೂ ಹೆಚ್ಚು ಕಡಿಮೆ ಇದೇ, ಬೇಳೆಯಲ್ಲಿ ಗೋಧಿಹಿಟ್ಟಿನ ತುಂಡು. ಗಾಳಿ ಹೋದ ಬಲೂನಿನ ಹಾಗಾಯಿತು ನನಗೆ.

ಫ್ಯೂಷನ್ ಅನ್ನೋ ಪದ ಕೇಳಿದರೆ ನನಗೆ ಮೊದಲು ನೆನಪಾಗುವುದು ಹೋಟೆಲಿನ ಮೆನು. ಚಾಕೊಲೇಟ್ ದೋಸೆ, ತಂದೂರಿ ಮೋಮೊ, ಪಿಜ್ಜಾ ಇಡ್ಲಿ. ಬೆಂಗಳೂರಿನ ಅವರೆಬೇಳೆ ಮೇಳಕ್ಕೂ ಪ್ರತಿ ಚಳಿಗಾಲ ಹೋಗಿ ನೂಕುನುಗ್ಗಲಲ್ಲಿ ನಿಂತು ತಿಂದು ಬರುವವಳು ನಾನು. ಅಲ್ಲಿ ಅವರೆಬೇಳೆ ದೋಸೆ, ಅವರೆಬೇಳೆ ಜಿಲೇಬಿ, ಕಡೆಗೆ ಅವರೆಬೇಳೆ ಐಸ್‌ಕ್ರೀಮು. ಜಿಲೇಬಿ ಪರವಾಗಿಲ್ಲ, ಪಾಕದಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಐಸ್‌ಕ್ರೀಮು ಮಾತ್ರ ಎರಡು ಚಮಚ ತಿಂದು ಮಗಳ ಕೈಗೆ ಕೊಟ್ಟೆ, ಅವಳು ಅವಳಪ್ಪನ ಕೈಗೆ ಕೊಟ್ಟಳು. ಬಾಯಿಗಿಂತ ಮೊದಲು ತಲೆಯಲ್ಲಿ ಹುಟ್ಟಿದ ತಿಂಡಿ ಅದು ಅನ್ನೋದು ನನ್ನ ತಕರಾರು. ಮನೆಯಲ್ಲಿ ಬೆರಕೆ ಅಡುಗೆ ಹುಟ್ಟುವುದು ಏನೋ ಒಂದು ಮುಗಿದುಹೋದಾಗ, ಇಲ್ಲವೇ ಏನೋ ಒಂದು ಉಳಿದುಹೋದಾಗ. ರವೆ ಇಡ್ಲಿಯದ್ದೂ ಅದೇ ಕಥೆಯಲ್ವಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಎಂಟಿಆರ್‌ನವರು ರವೆ ಹಾಕಿ ನೋಡಿದರಂತೆ. ಈಗ ಯಾರೂ ಅದನ್ನ ಅಕ್ಕಿಯಿಲ್ಲದ ಇಡ್ಲಿ ಅಂತ ಮರುಕದಿಂದ ತಿನ್ನುವುದಿಲ್ಲ. ಸಾಗು ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ.

ನನ್ನ ಹತ್ತಿರ ಹದಿನಾಲ್ಕು ಅಡುಗೆ ಪುಸ್ತಕಗಳಿವೆ. ಯಾವುದನ್ನು ಎಷ್ಟು ಬಳಸಿದ್ದೇನೆ ಅಂತ ತಿಳಿಯೋಕೆ ತೆರೆದು ಓದಬೇಕಿಲ್ಲ, ಎಣ್ಣೆ ಕಲೆ ನೋಡಿದರೆ ಸಾಕು. ಎರಡಕ್ಕೆ ರಟ್ಟೇ ಇಲ್ಲ, ಪುಟಗಳಲ್ಲಿ ಅರಿಶಿನದ ಬೆರಳಚ್ಚು. ಮಿಕ್ಕ ಹನ್ನೆರಡು ಮದುಮಗಳ ಹಾಗೆ ಹೊಳೆಯುತ್ತಾ ಕೂತಿವೆ. ಅವನ್ನು ನಾನು ಮಧ್ಯಾಹ್ನ ಮಲಗಿಕೊಂಡು ಓದುತ್ತೇನೆ. ಸಾಲ್ಮನ್ ಮೀನಿನ ಬಗ್ಗೆ ನಾಲ್ಕು ಪುಟ ಓದಿ, ಎದ್ದು ಹೋಗಿ ಉಪ್ಪಿಟ್ಟು ಮಾಡುತ್ತೇನೆ.

ಅವುಗಳಲ್ಲಿ ಅಮೆರಿಕದಿಂದ ನಾದಿನಿ ತಂದುಕೊಟ್ಟ ಒಂದು ಕೇಕ್ ಪುಸ್ತಕವಿದೆ. ಮದುವೆಯ ವಾರ್ಷಿಕೋತ್ಸವಕ್ಕೆ ಏಲಕ್ಕಿ ಕೇಸರಿ ಹಾಕಿದ ಕೇಕು, ಮೇಲೆ ಮೈಸೂರುಪಾಕಿನ ಪುಡಿ, ಹೀಗೊಂದು ಯೋಜನೆ ಹಾಕಿದೆ. ಪುಸ್ತಕದಲ್ಲಿ "ಒಂದು ಸ್ಟಿಕ್ ಬೆಣ್ಣೆ" ಅಂತಿತ್ತು. ಬೆಣ್ಣೆಗೆ ಎಲ್ಲಿಯ ಕಡ್ಡಿ? ಅದು 113 ಗ್ರಾಂ ಅಂತ ತಿಳಿದದ್ದು ಆಮೇಲೆ. ಅಂದು ಅಂದಾಜಿನಲ್ಲಿ ಒಂದು ನಿಂಬೆಹಣ್ಣಿನ ಗಾತ್ರ ಹಾಕಿದೆ. ಓವನ್ 350ಕ್ಕೆ ಇಡಬೇಕು ಅಂತಲೂ ಇತ್ತು. ನನ್ನ ಪುಟ್ಟ ಓವನ್ನು, ಅದೇ ಓಟಿಜಿಯಲ್ಲಿ, ಇರುವುದೇ 250ರವರೆಗೆ. ಇಷ್ಟಾದರೂ ಆಗಲಿ ಅಂತ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಸಾಲದೆ ಬಂದದ್ದಕ್ಕೆ ಹತ್ತು ನಿಮಿಷ ಜಾಸ್ತಿ ಬಿಟ್ಟೆ. ಅವರು ಬರೆದಿದ್ದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ ಬರೀ 175 ಚಿಲ್ಲರೆ. ಹೊರಗೆ ಬಂದದ್ದನ್ನು ನೋಡಿ ಯಜಮಾನರು, "ಇದ್ದಿಲು ಚೆನ್ನಾಗಿದೆ, ಇಸ್ತ್ರಿ ಪೆಟ್ಟಿಗೆಗೆ ಆಗುತ್ತೆ" ಅಂದರು. ಮೇಲಿನ ಮೈಸೂರುಪಾಕು ಮಾತ್ರ ಕೆರೆದುಕೊಂಡು ತಿಂದೆವು.

ಅಮ್ಮನ ಡೈರಿಯಲ್ಲಿ ಇಂಥ ಗೋಜಲೇ ಇಲ್ಲ, ಯಾಕೆಂದರೆ ಅದರಲ್ಲಿ ಅಳತೆಯೇ ಇಲ್ಲ. ಯಾವುದೋ ಬ್ಯಾಂಕಿನವರು ಕೊಟ್ಟ ಹಳೇ ಡೈರಿ ಅದು. ಎಡಗಡೆ ಹಾಲಿನ ಲೆಕ್ಕ, ಬಲಗಡೆ ಅಡುಗೆ. "ಪುಳಿಯೋಗರೆ ಗೊಜ್ಜು: ಹುಣಸೆಹಣ್ಣು ದೊಡ್ಡ ನಿಂಬೆ ಗಾತ್ರ, ಬೆಲ್ಲ ಕಣ್ಣಳತೆ, ಎಣ್ಣೆ ಬಿಡುವವರೆಗೆ. ಕೆಳಗಿನ ಮನೆಯವರು ಹೇಳಿದ್ದು." ಉಪ್ಪಿನ ಹೆಸರೇ ಇಲ್ಲ. ಉಪ್ಪು ಹಾಕಬೇಕು ಅಂತ ಬರೆದುಕೊಳ್ಳುವ ಮಟ್ಟಿಗೆ ಯಾರು ತಾನೇ ಮರೆಯುತ್ತಾರೆ ಅನ್ನೋ ಧೈರ್ಯ. ಒಂದು ಕಡೆ "ಕೇಕು, ಕುಕ್ಕರಿನಲ್ಲಿ, ಮರಳು ಹಾಕಿ" ಅಂತಿದೆ. ಅಮ್ಮ ಆಗಲೇ ಫ್ಯೂಷನ್ ಮಾಡುತ್ತಿದ್ದಳು, ಹಾಗಂತ ಅವಳಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ನಮ್ಮ ಭಾಷೆಯಲ್ಲಿ ಅಡುಗೆ ಬರೆದಿಡುವ ಚಾಳಿ ಹಳೆಯದು. ಮೂರನೆಯ ಮಂಗರಸ 1508ರಲ್ಲಿ ಸೂಪಶಾಸ್ತ್ರ ಅಂತ ಒಂದು ಪುಸ್ತಕವನ್ನೇ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಒಲೆ ಮೇಲೆ ಒಗ್ಗರಣೆ ಸೀಯುತ್ತಿರುವಾಗ ಪ್ರಾಸ ಕೂಡಿಸುವುದು ಹೇಗೆ ಅಂತ ನನಗೆ ಯೋಚನೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ, ಅಂದರೆ ಪುಸ್ತಕ ಬರೆದ ಎರಡು ವರ್ಷಕ್ಕೆ. ಹಾಗಾಗಿ ಮಂಗರಸನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಆಮೇಲೆ ಬಂದವು. ಖಾರಕ್ಕೆ ಇದ್ದದ್ದು ಮೆಣಸು, ಶುಂಠಿ, ಇಂಥವು. ಹೊಸ ಖಾರ ಬಂದಾಗ ನಮ್ಮವರು ತಲೆ ಕೆಡಿಸಿಕೊಳ್ಳದೆ ಹಳೇ ಮೆಣಸಿನ ಹೆಸರಿಗೇ ಒಂದು ಕಾಯಿ ಅಂಟಿಸಿ ಮೆಣಸಿನಕಾಯಿ ಅಂದುಬಿಟ್ಟರು. ಕೆಲವಕ್ಕೆ ಮಾತ್ರ ಊರ ಹೆಸರಿನ ಚೀಟಿ ಹಾಗೇ ಉಳಿದಿದೆ. ಪರಂಗಿ ಹಣ್ಣು, ಸೀಮೆ ಬದನೆಕಾಯಿ. ಈ ಸೀಮೆ ಬದನೆ ಮೆಕ್ಸಿಕೋ ಕಡೆಯದು. ತಮಾಷೆ ಅಂದರೆ ನಮಗೆ ಅದು ಸೀಮೆಯದಾದರೆ, ತಮಿಳರಿಗೆ ಬೆಂಗಳೂರು ಕತ್ತರಿಕಾಯಿ!

ಗೋಬಿ ಮಂಚೂರಿಯ ವಿಷಯದಲ್ಲಿ ಈ ಚೀಟಿ ಕಿತ್ತುಹೋಗುವುದಕ್ಕೆ ಐವತ್ತು ವರ್ಷವೂ ಬೇಕಾಗಲಿಲ್ಲ. 1975ರಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ಅನ್ನುವವರು ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್ ಸೇರಿಸಿ ಕೋಳಿಯಲ್ಲಿ ಮಾಡಿದರು ಅನ್ನುತ್ತಾರೆ. ಮಂಚೂರಿಯಾ ಪ್ರಾಂತ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಈಗ ಹಾಸನದ ಕಡೆ ಮದುವೆಗೆ ಹೋದರೆ ಬಾಳೆಲೆಯಲ್ಲಿ ಕೋಸಂಬರಿ ಪಕ್ಕದಲ್ಲೇ ಗೋಬಿ ಬಂದು ಬೀಳುತ್ತದೆ, ಮಂಚೂರಿ ಅಂತ ಪೂರ್ತಿ ಹೆಸರು ಹೇಳುವವರೂ ಇಲ್ಲ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಹೇರಿದಾಗ ನಮ್ಮ ಬೀದಿಯ ಹುಡುಗರು ಮನೆಯವರಿಗೇ ಏನೋ ಆದ ಹಾಗೆ ಚರ್ಚೆ ಮಾಡಿದರು.

ಪಾಸ್ತಾ ಮಾಡಿದ ಹದಿನೈದು ದಿನಕ್ಕೆ ಮಾವನವರ ತಿಥಿ ಬಂತು. ಆವತ್ತು ಅಡುಗೆಮನೆ ಪೂರ್ತಿ ಅತ್ತೆಯದು, ನಾನು ಕೈಯಾಳು. ಮಡಿಯಲ್ಲಿ ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಗೋರಿಕಾಯಿ, ಮೆಣಸಿನ ಸಾರು, ವಡೆ, ಪಾಯಸ. ಮೆಣಸಿನಕಾಯಿ ಡಬ್ಬ, ಟೊಮ್ಯಾಟೊ ಬುಟ್ಟಿ, ಕೋಸು, ಬೀನ್ಸು ಎಲ್ಲ ಹಿಂದಿನ ದಿನವೇ ಹಿತ್ತಿಲ ಕೋಣೆಗೆ ರವಾನೆ. ಕಲ್ಲಿನಲ್ಲಿ ಮೆಣಸು ಕುಟ್ಟುತ್ತಾ ಇದ್ದಾಗ ನನಗೆ ಫಕ್ಕನೆ ಹೊಳೆಯಿತು, ವರ್ಷಕ್ಕೊಂದು ದಿನ ನಮ್ಮ ಅಡುಗೆಮನೆ 1508ಕ್ಕೆ ಹೋಗಿ ಬರುತ್ತದೆ! ಉಳಿದ 364 ದಿನ ನಾವು ಉಣ್ಣುವುದೇ ಬೆರಕೆ ಊಟ. ಇದನ್ನು ಹೇಳಿ ಪಾಸ್ತಾದ ಸೇಡು ತೀರಿಸಿಕೊಳ್ಳೋಣ ಅನ್ನಿಸಿತು.

"ಅತ್ತೆ, ನೀವು ದಿನಾ ಮಾಡೋ ಟೊಮ್ಯಾಟೊ ಸಾರೂ ಪರಂಗಿಯವರದ್ದೇ, ಗೊತ್ತಾ?"

ಅತ್ತೆ ವಡೆ ತಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಗೊತ್ತಿಲ್ದೇನಮ್ಮಾ? ಅದಕ್ಕೇ ಅಲ್ವೇ ಇವತ್ತು ಅದು ಒಳಗೆ ಬರದೇ ಇರೋದು."

ನನ್ನ ಹದಿನಾಲ್ಕು ಪುಸ್ತಕ, ಮಂಗರಸ, ಪೋರ್ಚುಗೀಸರು ಎಲ್ಲ ಆ ವಡೆಯ ಜೊತೆ ಎಣ್ಣೆಗೆ ಬಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಮಾವನವರಿಗೆ ಪ್ರಾಣವಾಗಿದ್ದದ್ದು ಆಲೂಗಡ್ಡೆ ಪಲ್ಯ. ಆಸ್ಪತ್ರೆಯಲ್ಲಿದ್ದಾಗಲೂ ಅದನ್ನೇ ಕೇಳುತ್ತಿದ್ದರು. ಆದರೆ ಅವರ ತಿಥಿಯ ಎಲೆಗೆ ಆಲೂಗಡ್ಡೆ ಬರುವ ಹಾಗಿಲ್ಲ. ಅತ್ತೆ ಶಾಸ್ತ್ರ ಮೀರುವವರಲ್ಲ, ಅದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ. ಪ್ರತಿ ವರ್ಷ ತಿಥಿಯ ಮಾರನೇ ದಿನ ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಎದ್ದು, ಯಾರನ್ನೂ ಕೇಳದೆ, ಪೂರಿ ಜೊತೆಗೆ ಆಲೂಗಡ್ಡೆ ಪಲ್ಯ ಮಾಡಿಬಿಡುತ್ತಾರೆ. ಈರುಳ್ಳಿ ಜಾಸ್ತಿ, ಹಸಿಮೆಣಸಿನಕಾಯಿ ಸೀಳಿ, ಕೊನೆಗೆ ನಿಂಬೆಹಣ್ಣು. ಮಾವನವರಿಗೆ ಬೇಕಾಗುತ್ತಿದ್ದ ಹಾಗೆಯೇ ಸ್ವಲ್ಪ ನೀರು ನೀರಾಗಿ.

ಈ ವರ್ಷವೂ ಮಾಡಿದರು. ಎಲ್ಲರೂ ತಿಂದ ಮೇಲೆ ಒಂದು ಬಟ್ಟಲು ಪಲ್ಯ ಉಳಿಯಿತು. ಕಪಾಟಿನಲ್ಲಿ ಅರ್ಧ ಪ್ಯಾಕೆಟ್ ಪಾಸ್ತಾ ಇನ್ನೂ ಇತ್ತು. ನಾನು ಕಪಾಟಿನ ಕಡೆ ನೋಡಿದ್ದಷ್ಟೇ.

"ಬೇಡ" ಅಂದರು ಅತ್ತೆ.