ಎರಡನೇ ಬ್ಯಾಟರಿ ಸರಿ, ಫ್ಯೂಸ್ ಎಲ್ಲಿ?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದರೆ ಸ್ವಲ್ಪ ಇಳಿಯಬಹುದು ಅಂತ ಕೂತಿದ್ದೇನೆ. ಜೀಪು, ಬ್ಯಾಟರಿ, ವೈರು ಅಂದರೆ ಆಕಳಿಕೆ ಬರುವವರು ಈಗಲೇ ಮುಂದಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ.

ಸಕಲೇಶಪುರದಲ್ಲಿ ಹೆದ್ದಾರಿ ಪಕ್ಕ ಕಾಫಿ ಕುಡಿಯುತ್ತಾ ನಿಂತಿದ್ದೆ. ಭಾನುವಾರ ಅಂದ ಮೇಲೆ ಕೇಳಬೇಕಾ, ಬೆಂಗಳೂರಿನ ಥಾರ್ ಜೀಪುಗಳು ಸಾಲಾಗಿ ಬಂದು ನಿಂತವು. ಸ್ನಾರ್ಕೆಲ್, ರೂಫ್ ರ‍್ಯಾಕ್, ಲೈಟ್ ಬಾರ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಎಲ್ಲ ಇದೆ. ಕೆಸರು ಮಾತ್ರ ಇಲ್ಲ. ಅದರಲ್ಲಿ ಒಬ್ಬ ಹುಡುಗ ಬಾನೆಟ್ ಎತ್ತಿ, ಹೊಸದಾಗಿ ಹಾಕಿಸಿದ ಎರಡನೇ ಬ್ಯಾಟರಿಯ ಕನೆಕ್ಷನ್ ಬಗ್ಗೆ ಗೆಳೆಯರಿಗೆ ವಿವರಿಸುತ್ತಿದ್ದ. ಬಾನೆಟ್ ಎತ್ತಿದ ಗಾಡಿ ಕಂಡರೆ ನಾನು ಸುಮ್ನೆ ಇರುವವನಲ್ಲ, ನಿಮಗೆ ಗೊತ್ತಲ್ಲ. ಹೋಗಿ ಇಣುಕಿದೆ.

ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿ, ಫ್ರಿಜ್ ಪಕ್ಕದಲ್ಲಿ. ಮುಂದಿನ ಬ್ಯಾಟರಿಯ ಪಾಸಿಟಿವ್‌ನಿಂದ ದಪ್ಪ ಕೆಂಪು ಕೇಬಲ್ ಹೊರಟು, ಒಂದು ರಿಲೇ (ತಾನೇ ಆನ್ ಆಫ್ ಆಗುವ ಸ್ವಿಚ್) ಹಾದು, ಎಂಜಿನ್ ಹಿಂದಿನ ತಗಡಿಗೆ ಕೊರೆದ ತೂತಿನಲ್ಲಿ ನುಸುಳಿ ಒಳಗೆ ಹೋಗಿದೆ. ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಗ್ರೊಮೆಟ್ ಅಂತಾರಲ್ಲ, ಅದು ಇಲ್ಲ. ಬರೀ ತಗಡು. ಆ ತಗಡಿನ ಅಂಚು ಕೇಬಲ್ ಮೇಲೆ ಆಗಲೇ ಒಂದು ಬಿಳಿ ಗೆರೆ ಎಳೆದಿತ್ತು. ಬೆರಳಿಟ್ಟು ನೋಡಿದೆ. ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚಿದೆ.

"ಫ್ಯೂಸ್ ಎಲ್ಲಪ್ಪಾ?"

"ಐಸೊಲೇಟರ್ ಇದೆ ಅಂಕಲ್. ಇಂಪೋರ್ಟೆಡ್."

"ಐಸೊಲೇಟರ್ ಕೇಳಲಿಲ್ಲ ಮಾರಾಯ. ಫ್ಯೂಸ್."

"ಅದರಲ್ಲೇ ಎಲ್ಲ ಬಂದುಬಿಡುತ್ತೆ ಅಂಕಲ್."

ಬರಲ್ಲ. ಅದರಲ್ಲಿ ಎಲ್ಲ ಬರಲ್ಲ. ಆ ಅಂಕಲ್ ಅನ್ನೋದನ್ನು ಬೇಕಾದರೆ ಸಹಿಸಿಕೊಳ್ಳಬಹುದು, ಇದನ್ನು ಆಗಲ್ಲ.

ಅವನು ಐಸೊಲೇಟರ್ ಅಂದಿದ್ದು ಆ ರಿಲೇಯನ್ನೇ. ಅದು ಮಾಡುವ ಕೆಲಸ ಬೇರೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14 ವೋಲ್ಟ್ ಆಸುಪಾಸು ಕೊಡುತ್ತದೆ. ಸುಮಾರು 13.3 ದಾಟಿದರೆ ರಿಲೇ ಎರಡೂ ಬ್ಯಾಟರಿಗಳನ್ನು ಜೋಡಿಸುತ್ತದೆ, ಎರಡೂ ಚಾರ್ಜ್ ಆಗುತ್ತವೆ. ಎಂಜಿನ್ ನಿಂತು ವೋಲ್ಟೇಜ್ 12.8ರ ಹತ್ತಿರ ಇಳಿದರೆ ಬಿಡಿಸುತ್ತದೆ. ರಾತ್ರಿಯೆಲ್ಲ ಫ್ರಿಜ್ ಓಡಿ ಹಿಂದಿನ ಬ್ಯಾಟರಿ ಸತ್ತರೂ, ಬೆಳಿಗ್ಗೆ ಸೆಲ್ಫ್ ಹೊಡೆಯಲು ಮುಂದಿನದು ಉಳಿದಿರುತ್ತದೆ. ಇಷ್ಟೇ ಅದರ ಕೆಲಸ. ಕೇಬಲ್ ತಗಡಿಗೆ ತಾಗಿ ಶಾರ್ಟ್ ಆಯ್ತೋ ಇಲ್ಲವೋ ನೋಡೋದು ಅದರ ಡ್ಯೂಟಿ ಅಲ್ಲ. ಶಾರ್ಟ್ ಆದಾಗ ಹರಿಯುವ ಕರೆಂಟಿಗೆ ಅದರೊಳಗಿನ ಕಾಂಟ್ಯಾಕ್ಟ್‌ಗಳೇ ಬೆಸೆದುಕೊಂಡು ಕೂತರೂ ಕೂರಬಹುದು.

ಎಷ್ಟು ಕರೆಂಟ್ ಅಂತ ಯೋಚಿಸಿದ್ದೀರಾ? 12 ವೋಲ್ಟ್ ಅಂದ ಕೂಡಲೇ ಎಲ್ಲರಿಗೂ ಸಸಾರ. ಮುಟ್ಟಿದರೆ ಶಾಕ್ ಹೊಡೆಯಲ್ಲ, ಹಾಗಾಗಿ ಭಯ ಇಲ್ಲ. ಆದರೆ ಚೆನ್ನಾಗಿರುವ ಒಂದು ಲೆಡ್ ಆಸಿಡ್ ಬ್ಯಾಟರಿಯ ಎರಡು ತುದಿ ನೇರ ಸೇರಿದರೆ ಸಾವಿರಕ್ಕೂ ಮೀರಿ ಆಂಪಿಯರ್ ಹರಿಯಬಲ್ಲದು. ಬ್ಯಾಟರಿ ಟರ್ಮಿನಲ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿ ಚಟ್ ಅಂದು, ಸ್ಪ್ಯಾನರ್ ತುದಿ ಕರಗಿದ್ದನ್ನು ನೋಡಿದವರು ಇಲ್ಲೇ ಕೆಲವರಿದ್ದೀರಿ. ಕೇಬಲ್ ವಿಷಯದಲ್ಲಿ ಅಷ್ಟಕ್ಕೇ ಮುಗಿಯಲ್ಲ. ಅದು ಕೆಂಪಗೆ ಕಾದು, ಮೇಲಿನ ಪ್ಲಾಸ್ಟಿಕ್ ಹೊತ್ತಿ, ಸೀಟಿನ ಸ್ಪಂಜು ಹಿಡಿದು, ಆಮೇಲೆ ಡೀಸೆಲ್ ಪೈಪು. ಕೀ ತಿರುಗಿಸಿ ಆಫ್ ಮಾಡ್ತೀನಿ ಅಂದರೆ ಆಗಲ್ಲ. ಆ ಕೇಬಲ್‌ಗೂ ಕೀಗೂ ಸಂಬಂಧವೇ ಇಲ್ಲ.

ಈಗ ಎರಡನೇ ಬ್ಯಾಟರಿಯ ವಿಶೇಷಕ್ಕೆ ಬನ್ನಿ. ನನ್ನ ತಲೆ ಕೆಟ್ಟಿದ್ದೇ ಇಲ್ಲಿ. ಮಾಮೂಲಿ ವೈರಿಗೆ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಬಲ್ಬೋ ಹಾರ್ನೋ ಇರುತ್ತದೆ. ಬ್ಯಾಟರಿ ಕಡೆ ಒಂದು ಫ್ಯೂಸ್ ಹಾಕಿದರೆ ಮುಗಿಯಿತು. ಈ ಕೇಬಲ್‌ಗೆ ಎರಡೂ ತುದಿಯಲ್ಲಿ ಬ್ಯಾಟರಿ. ತೋಟದಲ್ಲಿ ಒಂದೇ ಪೈಪಿಗೆ ಮೇಲಿನ ಕೆರೆಯಿಂದಲೂ ಕೆಳಗಿನ ಬೋರಿನಿಂದಲೂ ನೀರು ಬಿಟ್ಟ ಹಾಗೆ. ನಡುವೆ ಪೈಪ್ ಒಡೆದಾಗ ಒಂದು ಕಡೆಯ ವಾಲ್ವ್ ತಿರುಗಿಸಿದರೆ ನೀರು ನಿಲ್ಲುತ್ತಾ? ಹಾಗಾಗಿ ಎರಡು ಫ್ಯೂಸ್ ಬೇಕು. ಮುಂದಿನ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಒಂದು, ಹಿಂದಿನ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇನ್ನೊಂದು. ಒಂದು ಹಾಕಿದವರೇ ಅಪರೂಪ, ಎರಡು ಹಾಕಿದವರನ್ನು ಕಂಡರೆ ನಾನು ಕೈ ಕುಲುಕಿ ಬರುತ್ತೇನೆ.

ಹುಡುಗನಿಗೂ ಇದನ್ನೇ ಹೇಳಿದೆ. ಅವನೂ ಬಿಡಲಿಲ್ಲ. "ಅಂಕಲ್, ಕಂಪನಿಯವರೇ ಸೆಲ್ಫ್ ಮೋಟರ್ ಕೇಬಲ್‌ಗೆ ಫ್ಯೂಸ್ ಹಾಕಿರಲ್ಲ. ಗ್ಯಾರೇಜಿನವರು ಹೇಳಿದಾರೆ."

ಪ್ರಶ್ನೆ ಒಳ್ಳೆಯದೇ. ಬಹಳ ಗಾಡಿಗಳಲ್ಲಿ ಆ ಕೇಬಲ್‌ಗೆ ಫ್ಯೂಸ್ ಇರುವುದಿಲ್ಲ, ನಿಜ. ಆದರೆ ಅದು ಎಷ್ಟು ಉದ್ದ ಇದೆ ನೋಡಿ. ಎಂಜಿನ್ ಬೇಯೊಳಗೇ ಶುರು, ಅಲ್ಲೇ ಕೊನೆ. ಕ್ಲ್ಯಾಂಪ್ ಹಾಕಿ, ಕೊಳವೆ ತೊಡಿಸಿ, ಎಲ್ಲೂ ಉಜ್ಜದ ಹಾಗೆ ಕೂರಿಸಿರುತ್ತಾರೆ. ನಿನ್ನದು ಎಂಜಿನ್‌ನಿಂದ ಹೊರಟು, ಬರೀ ತಗಡಿನ ತೂತಿನಲ್ಲಿ ತೂರಿ, ಡ್ರೈವರ್ ಸೀಟಿನ ಕೆಳಗೆ ಮ್ಯಾಟ್ ಅಡಿಯಲ್ಲಿ ಮಲಗಿ, ಸೀಟಿನ ರೈಲಿಗೆ ಒರಗಿ ಡಿಕ್ಕಿ ಸೇರಿದೆ. ಅದೂ ಕಲ್ಲು ಗುಂಡಿ ಹಾರುವ ಗಾಡಿಯಲ್ಲಿ. ಕಂಪನಿಯ ಹೆಸರು ಹೇಳುವವರು ಕಂಪನಿಯ ಕೆಲಸವನ್ನೂ ಮಾಡಬೇಕಲ್ವಾ?

ಇನ್ನೊಬ್ಬ ಗೆಳೆಯ ಮೂಗು ತೂರಿಸಿದ. "ಕಾಡಲ್ಲಿ ಫ್ಯೂಸ್ ಹೋದರೆ ಸಿಕ್ಕಿಹಾಕ್ಕೊಳ್ತೀವಲ್ಲ?" ಅಯ್ಯಾ, ಫ್ಯೂಸ್ ಹೋದರೆ ಫ್ರಿಜ್ ಬಿಸಿಯಾಗುತ್ತದೆ, ಗಾಡಿ ಸ್ಟಾರ್ಟ್ ಆಗುತ್ತದೆ. ಫ್ಯೂಸ್ ಇಲ್ಲದಿದ್ದರೆ ಮನೆಗೆ ನಡೆದುಕೊಂಡು ಹೋಗಬೇಕು. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಎರಡು ಸ್ಪೇರ್ ಇಟ್ಟುಕೊಳ್ಳೋಕೆ ಜಾಗ ಇಲ್ವಾ? ಅಲ್ಲಿ ಪರ್ಫ್ಯೂಮ್ ಬಾಟಲಿಗೆ ಜಾಗ ಇತ್ತು.

ಹುಡುಗ ವಿಂಚ್ ಬಗ್ಗೆಯೂ ಕೇಳಿದ. ಅದಕ್ಕೂ ಫ್ಯೂಸ್ ಇಲ್ಲವಲ್ಲ ಅಂತ. ದೊಡ್ಡ ವಿಂಚ್ ಪೂರ್ತಿ ಲೋಡಿನಲ್ಲಿ 400 ಆಂಪಿಯರ್ ತನಕ ಎಳೆಯುತ್ತದೆ, ಅದಕ್ಕೆ ಫ್ಯೂಸ್ ಹೊಂದಿಸುವುದು ಕಷ್ಟ. ಅದಕ್ಕೇ ಅಲ್ಲಿ ಕೈಯಲ್ಲಿ ತಿರುಗಿಸುವ ಸ್ವಿಚ್ ಹಾಕಿ, ಬೇಡದಾಗ ಆಫ್ ಮಾಡಿ ಇಡುವುದು. ಇವನಿಗೆ ಆ ಸ್ವಿಚ್ಚೂ ಇರಲಿಲ್ಲ. ಅದನ್ನು ಹೇಳೋಕೆ ಹೋಗಲಿಲ್ಲ, ಕಾಫಿ ತಣ್ಣಗಾಗುತ್ತಿತ್ತು.

ತಮಾಷೆ ಏನು ಗೊತ್ತಾ? ಕಾರಿಗೆ ಆಂಪ್ಲಿಫೈಯರ್, ಸಬ್ ವೂಫರ್ ಹಾಕುವ ಹುಡುಗರು ಇದನ್ನು ಎಂದೋ ಕಲಿತಿದ್ದಾರೆ. ಅವರ ವೈರಿಂಗ್ ಕಿಟ್ ಬಿಚ್ಚಿ ನೋಡಿ, ಬ್ಯಾಟರಿ ಪಕ್ಕ ಹಾಕಲು ಫ್ಯೂಸ್ ಹೋಲ್ಡರ್ ಸಾಮಾನ್ಯವಾಗಿ ಜೊತೆಗೇ ಇರುತ್ತದೆ. ಊರಿಗೆಲ್ಲ ಕೇಳುವ ಹಾಗೆ ಡಬ್ ಡಬ್ ಅನ್ನಿಸುವವರನ್ನು ನಾವು ಬೈಯುತ್ತೇವೆ, ವೈರಿಂಗ್ ಮಾತ್ರ ಅವರದೇ ಸರಿ. ಕಾಡು, ಪರಿಸರ, ಅಡ್ವೆಂಚರ್ ಅಂತ ಟೀ ಶರ್ಟ್ ಹಾಕಿಕೊಂಡವರ ಗಾಡಿಯಲ್ಲಿ ಫ್ಯೂಸ್ ಇಲ್ಲ. ಅದೂ ಒಣಗಿದ ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ.

ನನ್ನ ಹೆಂಡತಿ ಹೇಳುವುದು, ಕೇಳದವರಿಗೆ ಬುದ್ಧಿ ಹೇಳೋದು ನಿಮ್ಮ ಕಾಯಿಲೆ ಅಂತ. ಇರಬಹುದು. ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು ಅನ್ನಿ. ಅವನ ಫ್ರಿಜ್‌ನಲ್ಲಿ ಮೊಸರು, ಮಾವಿನಹಣ್ಣು, ತಣ್ಣನೆ ಸೋಡಾ ಸಾಲಾಗಿ ಕೂತಿದ್ದವು. ನನ್ನ ಮೇಜರ್ ಜೀಪಿನಲ್ಲಿ ತಣ್ಣಗಿರುವುದು ಅಂದರೆ ಜನವರಿಯಲ್ಲಿ ಸ್ಟಿಯರಿಂಗ್ ಒಂದೇ.

ಆದರೆ ಕೋಪಕ್ಕೆ ಕಾರಣ ಅದಲ್ಲ. ಪಕ್ಕದ ತೋಟದ ಪಿಕಪ್ ಶೆಡ್ಡಿನಲ್ಲಿ ಸುಟ್ಟ ರಾತ್ರಿ ನಾನೂ ಕೊಡಪಾನದಲ್ಲಿ ನೀರು ಹೊತ್ತವನು. ಗಾಡಿ ಸಂಜೆಯೇ ನಿಲ್ಲಿಸಿದ್ದು. ಕೀ ಮನೆಯೊಳಗೆ ಮೊಳೆಗೆ ನೇತುಹಾಕಿತ್ತು. ಲೈಟ್ ಬಾರ್‌ಗೆ ಅಂತ ಬ್ಯಾಟರಿಯಿಂದ ನೇರ ಎಳೆದ ಒಂದು ವೈರು, ಅಷ್ಟೇ. ಮಾರನೇ ದಿನ ನಮ್ಮ ಬಸ್ ಸ್ಟ್ಯಾಂಡ್ ಹಿಂದಿನ ಎಲೆಕ್ಟ್ರಿಷಿಯನ್ ಬಂದು ಆ ವೈರನ್ನು ಬೂದಿಯೊಳಗಿಂದ ಎಳೆದು ತೋರಿಸಿದ. ತಾಮ್ರ ಗುಂಡು ಗುಂಡಾಗಿ ಕರಗಿತ್ತು. ಪಕ್ಕದಲ್ಲೇ ಕಾಫಿ ಮೂಟೆಗಳಿದ್ದವು. ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಈಗಲೂ ನನಗೆ ನಿದ್ದೆ ಬರಲ್ಲ. ಸಕಲೇಶಪುರದ ಹುಡುಗನಿಗೆ ಇದನ್ನು ಹೇಳಲಿಲ್ಲ. ಕಥೆ ಹೇಳುವ ಮುದುಕ ಅಂದುಕೊಳ್ಳುತ್ತಾನೆ.

ಎರಡನೇ ಬ್ಯಾಟರಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಳೇ ಜೀಪುಗಳನ್ನು ರಾತ್ರಿ ಇಳಿಜಾರಲ್ಲೇ ನಿಲ್ಲಿಸುತ್ತಿದ್ದೆವು. ಬೆಳಿಗ್ಗೆ ಸೆಲ್ಫ್ ಹೊಡೆಯದಿದ್ದರೆ ಸೆಕೆಂಡ್ ಗೇರಿಗೆ ಹಾಕಿ ಬಿಟ್ಟರೆ ಆಯ್ತು. ಈಗಿನ ಆಟೊಮ್ಯಾಟಿಕ್ ಥಾರ್ ಅನ್ನು ಹಾಗೆ ತಳ್ಳಿ ಸ್ಟಾರ್ಟ್ ಮಾಡಲು ಬರಲ್ಲ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಒಂದೇ ಬ್ಯಾಟರಿ ನಂಬಿ ಫ್ರಿಜ್ ಓಡಿಸುವುದು ಹುಚ್ಚು. 45 ವ್ಯಾಟಿನ ಸಣ್ಣ ಫ್ರಿಜ್ ಅರ್ಧ ಹೊತ್ತು ಓಡಿದರೂ ದಿನಕ್ಕೆ 45 ಆಂಪಿಯರ್ ಅವರ್ ತಿನ್ನುತ್ತದೆ. ಸೆಲ್ಫ್ ಹೊಡೆಯುವ ಬ್ಯಾಟರಿಯ ಪ್ಲೇಟ್‌ಗಳು ತೆಳು, ಒಂದೇ ಏಟಿಗೆ ಜಾಸ್ತಿ ಕರೆಂಟ್ ಕೊಡಲು ಮಾಡಿದ್ದು. ಅದನ್ನು ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಕೈ ಕೊಡುತ್ತದೆ. ಫ್ರಿಜ್ಜಿಗೆ ಬೇರೆ, ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ ಇರಲಿ. ಹಾಕಿ, ಖಂಡಿತ ಹಾಕಿ.

ಆದರೆ ಲಕ್ಷಗಟ್ಟಲೆ ಸುರಿದು ಮಾಡಿಸಿದ ಗಾಡಿಯಲ್ಲಿ ಕೆಲವು ನೂರು ರೂಪಾಯಿಯ ಫ್ಯೂಸಿಗೆ ಜಿಪುಣತನ ಯಾಕೆ? ಬೆಂಗಳೂರಿನವರಿಗೆ ಗಾಡಿ ಬಿಡಿಭಾಗ ಸಿಗುವ ಜೆ.ಸಿ. ರಸ್ತೆ ಇದೆ, ಆನ್‌ಲೈನ್ ಇದೆ. 16 ಸ್ಕ್ವೇರ್ ಎಂಎಂ ಕೇಬಲ್ ಹಾಕಿದ್ದರೆ 60 ಆಂಪಿಯರ್ ಫ್ಯೂಸ್ ಹಾಕಿ ನೆಮ್ಮದಿಯಾಗಿರಿ. ಫ್ಯೂಸ್ ಇರುವುದು ಫ್ರಿಜ್ ಕಾಯೋಕಲ್ಲ, ಕೇಬಲ್ ಕಾಯೋಕೆ. ಕೇಬಲ್ ತಾಳುವಷ್ಟಕ್ಕಿಂತ ಕಡಿಮೆ ರೇಟಿಂಗ್ ಇರಬೇಕು, ಅಷ್ಟೇ ಲೆಕ್ಕ. ಕೆಲವರು ಮನೆ ವೈರಿಂಗ್‌ನ 2.5 ಸ್ಕ್ವೇರ್ ಎಂಎಂ ವೈರನ್ನೇ ಹಿಂದಿನ ತನಕ ಎಳೆದಿರುತ್ತಾರೆ. 5 ಮೀಟರ್ ಹೋಗಿ 5 ಮೀಟರ್ ಬರುವಷ್ಟರಲ್ಲಿ 30 ಆಂಪಿಯರ್‌ಗೆ 2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿ ಚಾರ್ಜೇ ಆಗ್ತಿಲ್ಲ ಸಾರ್, ಬ್ಯಾಟರಿ ಡೂಪ್ಲಿಕೇಟ್ ಅಂತ ಆಮೇಲೆ ಅಂಗಡಿಯವನ ಮೇಲೆ ಜಗಳ.

ಬ್ಯಾಟರಿ ಕಟ್ಟುವುದರ ಬಗ್ಗೆಯೂ ಒಂದು ಮಾತು. ಡಿಕ್ಕಿಯಲ್ಲಿರುವ ಆ ಬ್ಯಾಟರಿ 20 ಕೆಜಿ ತೂಗುತ್ತದೆ. ಇವನು ಅದನ್ನು ಲಗೇಜ್ ಕಟ್ಟುವ ಇಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದ. ಗಾಡಿ ವಾಲಿದಾಗ ಪಾಸಿಟಿವ್ ಟರ್ಮಿನಲ್ ಬಾಡಿಗೆ ತಾಗಿತು ಅಂದುಕೊಳ್ಳಿ. ಅಲ್ಲಿ ಫ್ಯೂಸ್ ಹಾಕಿದ್ದರೂ ಪ್ರಯೋಜನ ಇಲ್ಲ, ಶಾರ್ಟ್ ಆಗಿದ್ದು ಕರೆಂಟ್ ಫ್ಯೂಸ್ ತಲುಪುವ ಮೊದಲೇ. ಅದಕ್ಕೆ ಕಬ್ಬಿಣದ ಟ್ರೇ, ಬೋಲ್ಟ್, ಟರ್ಮಿನಲ್ ಮೇಲೆ ರಬ್ಬರ್ ಟೋಪಿ ಬೇಕು. ನೀರು ಹಾಕುವ ಮಾದರಿ ಬ್ಯಾಟರಿಯಾದರೆ ಜನ ಕೂರುವ ಜಾಗದಲ್ಲಿ ಇಡಲೇಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ಗ್ಯಾರೇಜಿನವರನ್ನು ಪೂರ್ತಿ ಬೈಯಲೂ ಮನಸ್ಸಿಲ್ಲ. ಗಿರಾಕಿ ಕೇಳುವುದು ಲೈಟ್ ಎಷ್ಟು ದೂರ ಬೀಳುತ್ತೆ, ರಿಲೇ ಯಾವ ದೇಶದ್ದು, ಸಂಜೆಯೊಳಗೆ ಗಾಡಿ ಸಿಗುತ್ತಾ ಅಂತ. ಫ್ಯೂಸ್ ಕೇಳಿದ ಗಿರಾಕಿ ಇದ್ದಾನಾ? ಹೊಳೆಯುವ ರಿಲೇ ಫೋಟೋದಲ್ಲಿ ಚೆಂದ ಕಾಣುತ್ತದೆ. ಫ್ಯೂಸಿಗೆ ಲೈಕ್ ಬರಲ್ಲ. ಹಾಗಂತ ಇಷ್ಟು ದುಡ್ಡು ತಗೊಂಡವರು ಗ್ರೊಮೆಟ್ ಕೂಡ ಹಾಕದೆ ಕಳಿಸುತ್ತಾರಲ್ಲ, ಅದಕ್ಕೆ ಏನು ಹೇಳೋಣ.

ಈಗ ಕೆಲವರು ಲಿಥಿಯಂ ಹಾಕಬಹುದಾ ಅಂತ ಇನ್‌ಬಾಕ್ಸಿಗೆ ಬರುತ್ತೀರಿ, ಗೊತ್ತು. ಹಾಕಬಹುದು. ಆದರೆ ಬರೀ ರಿಲೇಯಲ್ಲಿ ಜೋಡಿಸಬೇಡಿ. ಲಿಥಿಯಂ ಬ್ಯಾಟರಿ ಕರೆಂಟನ್ನು ಗಬಗಬ ಎಳೆಯುತ್ತದೆ, ಆಲ್ಟರ್ನೇಟರ್ ಬಿಸಿಯಾಗುತ್ತದೆ. ನಡುವೆ ಕರೆಂಟನ್ನು ಮಿತಿಯಲ್ಲಿಟ್ಟು ಚಾರ್ಜ್ ಮಾಡುವ ಡಿಸಿ ಟು ಡಿಸಿ ಚಾರ್ಜರ್ ಹಾಕಿಸಿ. ಹೊಸ ಬಿಎಸ್6 ಗಾಡಿಗಳಲ್ಲಿ ಕೆಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಇರುತ್ತದೆ. ಮುಂದಿನ ಬ್ಯಾಟರಿ ತುಂಬಿದ ಮೇಲೆ ಅದೇ ವೋಲ್ಟೇಜ್ ಇಳಿಸಿಬಿಡುತ್ತದೆ. ಆಗ ರಿಲೇ ಎಂಜಿನ್ ಆಫ್ ಆಯ್ತು ಅಂದುಕೊಂಡು ಕನೆಕ್ಷನ್ ಬಿಡಿಸುತ್ತದೆ. ಅಲ್ಲಿಗೂ ಆ ಚಾರ್ಜರೇ ಬೇಕು. ಮತ್ತೆ, ಚಾರ್ಜರ್ ಇದೆ ಅಂತ ಫ್ಯೂಸ್ ಬಿಡಬೇಡಿ. ಆ ಕೇಬಲ್‌ನ ಎರಡು ತುದಿಯಲ್ಲೂ ಬ್ಯಾಟರಿಯೇ ಇರೋದು.

ಗಾಡಿ ಇರುವವರು ನಾಳೆ ಬೆಳಿಗ್ಗೆ ಒಂದು ಟಾರ್ಚ್ ಹಿಡಿದು ನೋಡಿ, ಕೇಬಲ್ ಎಲ್ಲೆಲ್ಲಿ ತಗಡು ದಾಟುತ್ತದೆ ಅಂತ. ಫೋಟೋ ಕಾಮೆಂಟಲ್ಲಿ ಹಾಕಿ. ಸ್ನಾರ್ಕೆಲ್ ಫೋಟೋ ಬೇಡ, ಪಾಸಿಟಿವ್ ಟರ್ಮಿನಲ್ ಹತ್ತಿರದ್ದು ಸಾಕು. ಎರಡೂ ಬ್ಯಾಟರಿಯದ್ದು.