ಡ್ವೈಟ್ ಯೋಕಮ್ ಟೋಪಿ ತೆಗೆದಿಟ್ಟಾಗ

ಮೊನ್ನೆ ರಾತ್ರಿ 'ಸ್ಲಿಂಗ್ ಬ್ಲೇಡ್' ಸಿನಿಮಾ ಮತ್ತೆ ಹಾಕಿಕೊಂಡು ಕೂತೆ. ಐದನೇ ಸಲವೋ ಆರನೇ ಸಲವೋ ಇರಬೇಕು. ನಡುವೆ ಗೆಳೆಯನೊಬ್ಬ ಫೋನ್ ಮಾಡಿದ. ಏನು ನೋಡ್ತಿದ್ದೀಯ ಅಂದ, ಹೇಳಿದೆ. ಅದರಲ್ಲಿ ಡಾಯ್ಲ್ ಪಾತ್ರ ಮಾಡಿರೋನು ಡ್ವೈಟ್ ಯೋಕಮ್, ಕಂಟ್ರಿ ಸಿಂಗರ್, ಅಂದರೆ ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡು ಹಾಡೋನು ಅಂತಲೂ ಹೇಳಿದೆ. "ಓ, ಆ ಹಾಡೋನಾ? ಆಕ್ಟಿಂಗೂ ಮಾಡ್ತಾನಾ?" ಅಂದ.

ಆ 'ಊ' ಇದೆಯಲ್ಲ, ಆಕ್ಟಿಂಗ್‌ಗೆ ಅಂಟಿಸಿದ ಆ ಒಂದಕ್ಷರ, ಅದು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಹಾಡುವವನು ಬಿಡುವಿದ್ದಾಗ ಬಂದು ನಾಲ್ಕು ಸೀನ್ ಮಾಡಿ ಹೋದ ಅನ್ನೋ ಅರ್ಥ ಅದರಲ್ಲಿದೆ. ಗೆಳೆಯನ ಮೇಲೆ ಸಿಟ್ಟಿಲ್ಲ. ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಈ ಮನುಷ್ಯನ ವಿಷಯದಲ್ಲಿ ಅದು ಅನ್ಯಾಯದ ಮಾತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಡ್ವೈಟ್ ಹುಟ್ಟಿದ್ದು 1956ರಲ್ಲಿ, ಅಮೆರಿಕದ ಕೆಂಟಕಿಯ ಪೈಕ್‌ವಿಲ್‌ನಲ್ಲಿ. ಅದು ಕಲ್ಲಿದ್ದಲು ಗಣಿಗಳ ಸೀಮೆ, ತಾಯಿಯ ತಂದೆ ಗಣಿಯಲ್ಲೇ ದುಡಿದವರು. ಬೆಳೆದದ್ದು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಆ ಬೆಟ್ಟದ ಊರುಗಳ ಎಷ್ಟೋ ಸಂಸಾರಗಳು ಆಗ ಕಾರ್ಖಾನೆ ಕೆಲಸ ಹುಡುಕಿಕೊಂಡು ಉತ್ತರಕ್ಕೆ ಗುಳೆ ಹೋಗಿದ್ದವು. ವಾರದ ಕೊನೆ ಬಂತೆಂದರೆ ರೂಟ್ 23 ಅನ್ನೋ ಹೆದ್ದಾರಿ ಹಿಡಿದು ಊರಿಗೆ ಓಡಿಬರೋರು. ಸ್ಕೂಲಿನಲ್ಲಿದ್ದಾಗಲೇ ಡ್ವೈಟ್ ನಾಟಕಗಳಲ್ಲಿ ಪಾತ್ರ ಮಾಡಿದ್ದ. ಮೊದಲ ಆಲ್ಬಂ ಬರೋದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು ಇದು. ಹಾಗಾಗಿ ನಟನೆ ಆಮೇಲೆ ಅಂಟಿಕೊಂಡ ಶೋಕಿ ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಕಂಟ್ರಿ ಸಂಗೀತಕ್ಕೆ ತವರು ಅಂದರೆ ನ್ಯಾಶ್‌ವಿಲ್. ಅಲ್ಲಿಗೆ ಹೋದ, ಕೈ ಹಿಡಿಯಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್ ಸೇರಿಕೊಂಡ. ಹೊಟ್ಟೆಪಾಡಿಗೆ ಟ್ರಕ್ ಓಡಿಸಿದ, ರಾತ್ರಿ ಪಂಕ್ ರಾಕ್ ಹುಡುಗರು ಹಾಡುವ ಕ್ಲಬ್ಬುಗಳಲ್ಲಿ ಹಳೇ ಶೈಲಿಯ ಕಂಟ್ರಿ ಹಾಡಿದ. 1986ರಲ್ಲಿ ಮೊದಲ ಪೂರ್ಣ ಆಲ್ಬಂ ಬಂತು, ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಅಲ್ಲಿಂದ ಈಚೆಗೆ ಎರಡೂವರೆ ಕೋಟಿಗಿಂತ ಜಾಸ್ತಿ ಆಲ್ಬಂ ಮಾರಾಟವಾಗಿವೆ, ಸಂಗೀತದ ದೊಡ್ಡ ಪ್ರಶಸ್ತಿ ಗ್ರ್ಯಾಮಿ ಬಂದಿದೆ. ಅದೆಲ್ಲ ಇರಲಿ. ನನಗೆ ಬೇಕಾಗಿರುವುದು ಅವನ ಟೋಪಿ.

ವೇದಿಕೆ ಮೇಲೆ ಡ್ವೈಟ್ ಅಂದರೆ ಟೋಪಿ. ದೊಡ್ಡ ಕೌಬಾಯ್ ಟೋಪಿ, ಕಣ್ಣು ಮುಚ್ಚುವಷ್ಟು ಕೆಳಕ್ಕೆ ಎಳೆದುಕೊಂಡದ್ದು. ಕೆಳಗೆ ಬಿಗಿಯಾದ ಜೀನ್ಸ್, ಕೈಯಲ್ಲಿ ಗಿಟಾರ್. ಫೋಟೋ ತೆಗೆದು ನೋಡಿ, ಬಹುತೇಕ ಫೋಟೋಗಳಲ್ಲಿ ಕಣ್ಣು ಪೂರ್ತಿ ಕಾಣೋದೇ ಇಲ್ಲ. ಮೂಗು, ಗದ್ದ, ನೆರಳು ಅಷ್ಟೇ. ಜನ ದುಡ್ಡು ಕೊಟ್ಟು ನೋಡೋಕೆ ಬರುತ್ತಿದ್ದದ್ದು ಆ ಚಿತ್ರವನ್ನೇ.

1996ರಲ್ಲಿ ಬಿಲ್ಲಿ ಬಾಬ್ ಥಾರ್ನ್‌ಟನ್ ತಾನೇ ಬರೆದು, ತಾನೇ ನಟಿಸಿ, ತಾನೇ ನಿರ್ದೇಶಿಸಿದ ಸಣ್ಣ ಬಜೆಟ್ಟಿನ ಸಿನಿಮಾ 'ಸ್ಲಿಂಗ್ ಬ್ಲೇಡ್'. ಆರ್ಕನ್ಸಾ ರಾಜ್ಯದ ಒಂದು ಸಣ್ಣ ಊರಿನ ಕತೆ. ಅದರಲ್ಲಿ ಡ್ವೈಟ್ ಟೋಪಿ ತೆಗೆದಿಟ್ಟು ಬಂದ. ಮುಂದಲೆ ಬೋಳಾಗಿದೆ, ಉಳಿದ ಕೂದಲು ತೆಳ್ಳಗೆ. ಕುಡಿದು ಕುಡಿದು ಊದಿಕೊಂಡ ಮುಖ. ಕಟ್ಟಡ ಕೆಲಸದ ಡಾಯ್ಲ್ ಹಾರ್‌ಗ್ರೇವ್ಸ್. ಗಂಡನನ್ನು ಕಳೆದುಕೊಂಡ ಲಿಂಡಾ ಅನ್ನೋ ಹೆಂಗಸಿನ ಮನೆಗೆ ಬರ್ತಾನೆ, ಕುಡೀತಾನೆ, ಅವಳ ಮಗ ಫ್ರಾಂಕ್‌ನನ್ನು ಹೀಯಾಳಿಸ್ತಾನೆ. ಹೆಂಗಸರು ಟೋಪಿ ನೋಡಿ ಕಿರುಚುತ್ತಿದ್ದ ಕಾಲದಲ್ಲಿ, ಹೆಸರು ಉತ್ತುಂಗದಲ್ಲಿದ್ದಾಗ, ತನ್ನ ತಲೆಯನ್ನೂ ತನ್ನ ಮೇಲಿದ್ದ ಪ್ರೀತಿಯನ್ನೂ ಒಟ್ಟಿಗೆ ಒತ್ತೆ ಇಟ್ಟ. ಎಷ್ಟು ಜನ ಸ್ಟಾರ್‌ಗಳು ಹೀಗೆ ಮಾಡ್ತಾರೆ?

ಒಂದು ಸೀನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಡಾಯ್ಲ್‌ಗೆ ಒಂದು ಬ್ಯಾಂಡ್ ಇದೆ. ರಾತ್ರಿ ಲಿಂಡಾ ಮನೆಯಲ್ಲಿ ಗೆಳೆಯರೆಲ್ಲ ಸೇರ್ತಾರೆ, ಬಾಟಲಿ ತೆಗೀತಾರೆ, ಏನೋ ಬಾರಿಸ್ತಾರೆ. ಆ ಬ್ಯಾಂಡ್ ಯಾವತ್ತೂ ಎಲ್ಲಿಗೂ ಹೋಗಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ವಿಶೇಷ ಅಂದರೆ ಆ ಗುಂಪಿನಲ್ಲಿರೋರಲ್ಲಿ ಕೆಲವರು ನಿಜವಾಗಿಯೂ ಸಂಗೀತಗಾರರೇ. ಗಾಲಿಕುರ್ಚಿಯಲ್ಲಿ ಕೂತಿರೋದು ವಿಕ್ ಚೆಸ್ನಟ್, ಹಾಡು ಬರೆಯೋರ ನಡುವೆ ತುಂಬಾ ಗೌರವ ಇದ್ದ ಹೆಸರು. ಇವರ ಮಧ್ಯೆ, ಲಕ್ಷಗಟ್ಟಲೆ ಆಲ್ಬಂ ಮಾರಿದ ಮನುಷ್ಯ, ಸಂಗೀತದಲ್ಲಿ ಏನೂ ಸಾಧಿಸದ ಒಬ್ಬ ಕುಡುಕನಾಗಿ ಕೂತಿದ್ದಾನೆ. ನೋಡ್ತಾ ನೋಡ್ತಾ ಅವನ ತಲೆ ಕೆಡುತ್ತದೆ, ಎಲ್ಲರಿಗೂ ಬೈದು ಮನೆಯಿಂದ ಓಡಿಸ್ತಾನೆ, ಗಾಲಿಕುರ್ಚಿಯ ಗೆಳೆಯನನ್ನೂ ಬಿಡಲ್ಲ. ಹಾಲಿವುಡ್ ಗಾಯಕರನ್ನು ಕರೆದರೆ ಸಾಮಾನ್ಯವಾಗಿ ಗಾಯಕನ ಪಾತ್ರವನ್ನೇ ಕೊಡುತ್ತದೆ, ಒಂದು ಹಾಡು ಹಾಡಿಸುತ್ತದೆ. ಇಲ್ಲಿ ಆ ಆಸರೆಯನ್ನೂ ಡ್ವೈಟ್ ತಗೊಳ್ಳಲಿಲ್ಲ.

ಇನ್ನೊಂದು ಮಾತು, ಇದು ನನ್ನದೇ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಒಂದು ಮನೆ ಇತ್ತು. ಸಂಜೆ ಆ ಮನೆ ಮಕ್ಕಳು ನಮ್ಮ ಜೊತೆ ಕುಂಟೆಬಿಲ್ಲೆ ಆಡೋರು. ಆ ಮನೆ ಯಜಮಾನರ ಸ್ಕೂಟರ್ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಕಾಲಲ್ಲಿದ್ದ ಬಿಲ್ಲೆ ಅಲ್ಲೇ ಬಿಟ್ಟು ಒಳಗೆ ಓಡಿಹೋಗೋರು. ಕುಡಿದು ಬಂದ ದಿನ ಆ ಮನೆಯೊಳಗಿಂದ ಗಲಾಟೆ ಜಾಸ್ತಿ ಕೇಳಿಸುತ್ತಿರಲಿಲ್ಲ. ಟಿವಿ ಸದ್ದೂ ನಿಂತುಬಿಡುತ್ತಿತ್ತು. ಬೆಳಿಗ್ಗೆ ಅದೇ ಮನುಷ್ಯ ಮಲ್ಲಿಗೆ ಹೂವು ಹಿಡಿದುಕೊಂಡು, ತಲೆ ಬಾಚಿ, ಎಲ್ಲರಿಗೂ ನಗುನಗುತ್ತಾ ನಮಸ್ಕಾರ ಹೇಳಿ ಹೋಗೋರು. ನನಗೆ ಹೆದರಿಕೆ ಆಗುತ್ತಿದ್ದದ್ದು ರಾತ್ರಿಯ ಮುಖಕ್ಕಲ್ಲ, ಬೆಳಗಿನ ಆ ನಗುವಿಗೆ.

ಡ್ವೈಟ್‌ಗೆ ಆ ನಗು ಗೊತ್ತಿದೆ. ಅದಕ್ಕೇ ಡಾಯ್ಲ್ ಬರೀ ವಿಲನ್ ಆಗಿ ಉಳಿಯಲ್ಲ. ಗಲಾಟೆ ಮಾಡಿದ ಮೇಲೆ ಕ್ಷಮೆ ಕೇಳ್ತಾನೆ, ಆ ಕ್ಷಮೆ ನಿಜ ಅನ್ನಿಸುತ್ತದೆ, ಆ ಹೊತ್ತಿಗೆ ಅವನೂ ಅದನ್ನು ನಂಬಿರುತ್ತಾನೆ. ಆಮೇಲೆ ಫ್ರಾಂಕ್‌ನನ್ನು ಕೂರಿಸಿಕೊಂಡು, ಇನ್ನು ಮೇಲೆ ನಾನು ಈ ಮನೆಯಲ್ಲೇ ಇರ್ತೀನಿ, ಇಲ್ಲಿ ಎಲ್ಲ ಬದಲಾಗುತ್ತೆ ಅಂತ ಹೇಳ್ತಾನೆ. ಕಿರುಚಲ್ಲ. ಮೆಲ್ಲಗೆ, ಅಂಗಡಿ ಲೆಕ್ಕ ಒಪ್ಪಿಸೋನ ಹಾಗೆ ಹೇಳ್ತಾನೆ. ಆ ಮೆಲುದನಿ ನನಗೆ ನಮ್ಮ ಬೀದಿಯ ಮನೆಯನ್ನು ನೆನಪಿಸಿತು. ಮೊದಲ ಸಲ ನೋಡಿದಾಗ ಅಲ್ಲೇ ಸಿನಿಮಾ ನಿಲ್ಲಿಸಿ, ಒಂದು ಲೋಟ ನೀರು ಕುಡಿದು ಬಂದು ಮುಂದುವರಿಸಿದ್ದೆ.

ಈ ಮೆಲುದನಿ ಎಲ್ಲಿಂದ ಬಂತು ಅಂದರೆ, ನನ್ನ ಪ್ರಕಾರ ಹಾಡಿನಿಂದಲೇ. ಡ್ವೈಟ್ ಹಾಡೋದು ಕೇಳಿದ್ದರೆ ಗೊತ್ತಿರುತ್ತದೆ, ಸಾಲಿನ ಮಧ್ಯೆ ದನಿ ಒಡೆಯುತ್ತದೆ, ಒಂದು ಪದವನ್ನು ಎಳೆದು ಇನ್ನೊಂದನ್ನು ನುಂಗುತ್ತಾನೆ, ಎಲ್ಲಿ ಉಸಿರು ಹಿಡೀಬೇಕು ಎಲ್ಲಿ ಬಿಡಬೇಕು ಅನ್ನೋದು ಅವನಿಗೆ ಕರಗತ. 2002ರ 'ಪ್ಯಾನಿಕ್ ರೂಮ್' ನೋಡಿ. ಡೇವಿಡ್ ಫಿಂಚರ್ ಸಿನಿಮಾ. ಮನೆಗೆ ನುಗ್ಗುವ ಮೂವರು ಕಳ್ಳರಲ್ಲಿ ರವೂಲ್ ಪಾತ್ರ ಡ್ವೈಟ್‌ದು. ತುಂಬಾ ಹೊತ್ತು ಮುಖಕ್ಕೆ ಮುಸುಕು, ಕಣ್ಣು ಬಾಯಿ ಬಿಟ್ಟು ಏನೂ ಕಾಣಲ್ಲ. ಜೋಡಿ ಫಾಸ್ಟರ್, ಫಾರೆಸ್ಟ್ ವಿಟೇಕರ್ ಥರದ ನಟರ ಎದುರು ಅವನ ಹತ್ತಿರ ಉಳಿದದ್ದು ದನಿ ಮತ್ತು ಕಣ್ಣು ಮಾತ್ರ. ಮೊದಲು ಯಾರೋ ಲೆಕ್ಕಕ್ಕಿಲ್ಲದವನ ಹಾಗೆ ನಿಂತಿರ್ತಾನೆ. ನಿಧಾನಕ್ಕೆ ಮೂವರಲ್ಲಿ ನಿಜವಾಗಿ ಹೆದರಬೇಕಾದದ್ದು ಇವನಿಗೇ ಅಂತ ಗೊತ್ತಾಗುತ್ತದೆ. ಉಕ್ಕಿನ ಬಾಗಿಲಿಗೆ ಕೈ ಸಿಕ್ಕಿಹಾಕಿಕೊಂಡಾಗ ಕಿರುಚುವ ಆ ದನಿ ಇದೆಯಲ್ಲ, ಗಾಯಕರು ಜೋಪಾನ ಮಾಡಿಕೊಳ್ಳುವ ಗಂಟಲಿನಿಂದ ಬಂದದ್ದು ಅದು.

ಸೋತದ್ದೂ ಇದೆ, ಅದನ್ನು ಮುಚ್ಚಿಡಲ್ಲ. 2000ದಲ್ಲಿ 'ಸೌತ್ ಆಫ್ ಹೆವನ್, ವೆಸ್ಟ್ ಆಫ್ ಹೆಲ್' ಅಂತ ಒಂದು ವೆಸ್ಟರ್ನ್, ಅಂದರೆ ಕೌಬಾಯ್ ಕಾಲದ ಸಿನಿಮಾಕ್ಕೆ ತಾನೇ ಕೈ ಹಾಕಿದ. ಬರವಣಿಗೆಯಲ್ಲಿ ಪಾಲು, ನಿರ್ದೇಶನ, ನಾಯಕನ ಪಾತ್ರ, ಸಂಗೀತ, ಎಲ್ಲ ಹೆಗಲ ಮೇಲೆ. ತನ್ನ ಸ್ವಂತ ದುಡ್ಡೂ ಹಾಕಿದ. ಓಡಲಿಲ್ಲ. ವಿಮರ್ಶಕರು ಚೆನ್ನಾಗಿ ಬೈದರು. ನಾನೂ ನೋಡಿದೆ, ಕತೆ ಅಲ್ಲಲ್ಲಿ ದಾರಿ ತಪ್ಪುತ್ತದೆ, ನಿಜ. ಆದರೂ ಸುಮ್ನೆ ಟೈಂಪಾಸ್‌ಗೆ ಸಿನಿಮಾ ಮಾಡೋನು ಇಷ್ಟು ದೊಡ್ಡ ಹೊಡೆತಕ್ಕೆ ಮೈ ಒಡ್ಡಲ್ಲ ಅಲ್ವಾ? ಅಷ್ಟು ಕಳೆದುಕೊಂಡ ಮೇಲೂ ಸಣ್ಣ ಪಾತ್ರಗಳಿಗೆ ವಾಪಸ್ ಬಂದು, ಸಾಲಿನಲ್ಲಿ ನಿಂತು ಕೆಲಸ ಮಾಡಿದ.

ಆ ಸಣ್ಣ ಪಾತ್ರಗಳಲ್ಲಿ ನನಗೆ ತುಂಬಾ ಇಷ್ಟ 2005ರ 'ದ ತ್ರೀ ಬರಿಯಲ್ಸ್ ಆಫ್ ಮೆಲ್ಕಿಯಾಡೆಸ್ ಎಸ್ಟ್ರಾಡಾ'. ಟಾಮಿ ಲೀ ಜೋನ್ಸ್ ನಿರ್ದೇಶನ, ಕ್ಯಾನ್ಸ್ ಚಿತ್ರೋತ್ಸವದಲ್ಲಿ ನಟನೆಗೂ ಚಿತ್ರಕತೆಗೂ ಪ್ರಶಸ್ತಿ ಪಡೆದ ಸಿನಿಮಾ. ಅದರಲ್ಲಿ ಡ್ವೈಟ್ ಗಡಿ ಊರಿನ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ. ಅಧಿಕಾರ ಇದೆ, ಗಂಡಸುತನದ ಬಗ್ಗೆ ಒಳಗೇ ಅಳುಕು, ಒಂದು ಸಾವಿನ ತನಿಖೆ ಮಾಡೋ ಮನಸ್ಸಿಲ್ಲ. ಕೆಟ್ಟವನು ಅಂತ ಹೇಳೋಕಾಗಲ್ಲ, ಸೋಮಾರಿ, ಸಣ್ಣ ಮನಸ್ಸಿನವನು. 2017ರ 'ಲೋಗನ್ ಲಕ್ಕಿ'ಯಲ್ಲಿ ಜೈಲು ವಾರ್ಡನ್, ಕಣ್ಣೆದುರೇ ಗಲಭೆ ಆಗ್ತಿದ್ದರೂ ನಮ್ಮ ಜೈಲಿನಲ್ಲಿ ಏನೂ ತೊಂದರೆ ಇಲ್ಲ ಅನ್ನೋನು. ಅಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸ್ತಾನೆ. ಟಿವಿಯಲ್ಲಿ 'ಅಂಡರ್ ದ ಡೋಮ್', 'ಗೋಲಿಯತ್' ಮಾಡಿದ್ದಾನೆ. 2021ರಲ್ಲಿ 'ಕ್ರೈ ಮಾಚೊ'ದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಎದುರು ಕೂತು, ಮೆಕ್ಸಿಕೊದಲ್ಲಿರೋ ನನ್ನ ಮಗನನ್ನು ಕರೆತಾ ಅಂತ ಕಳಿಸುವ ಮಾಲೀಕ. ಅಲ್ಲಿ ಕೆಲಸ ಕಡಿಮೆ, ಇದ್ದದ್ದನ್ನು ನೀಟಾಗಿ ಮಾಡಿದ್ದಾನೆ.

'ಸ್ಲಿಂಗ್ ಬ್ಲೇಡ್'ಗೆ ಚಿತ್ರಕತೆಯ ಆಸ್ಕರ್ ಬಂತು, ಥಾರ್ನ್‌ಟನ್‌ಗೆ. ನಟರ ಸಂಘದವರು ಇಡೀ ತಂಡವನ್ನು ಪ್ರಶಸ್ತಿಗೆ ನಾಮನಿರ್ದೇಶನ ಮಾಡಿದರು. ಡ್ವೈಟ್ ಹೆಸರು ಆಸ್ಕರ್ ಪಟ್ಟಿಗೆ ಬರಲೇ ಇಲ್ಲ. ಇಷ್ಟು ವರ್ಷ ಆದರೂ ನನಗೆ ಇದು ಚುಚ್ಚುತ್ತದೆ. ಸಿನಿಮಾ ನೋಡಿಲ್ಲದವರು ಈ ಪ್ಯಾರಾ ಇಲ್ಲಿಗೇ ಬಿಟ್ಟು ಮುಂದೆ ಹೋಗಿ. ಕೊನೆಯಲ್ಲಿ ಕಾರ್ಲ್, ಅಂದರೆ ಥಾರ್ನ್‌ಟನ್ ಮಾಡಿದ ಮುಖ್ಯ ಪಾತ್ರ, ಫ್ರಾಂಕ್‌ನ ಗೆಳೆಯ, ಹುಲ್ಲು ಕತ್ತರಿಸುವ ಮಷೀನಿನ ಬ್ಲೇಡ್ ಮಸೆದುಕೊಂಡು ಬಂದು ನಿಲ್ಲುತ್ತಾನೆ. ಡಾಯ್ಲ್ ಕುರ್ಚಿಯಲ್ಲಿ ಕೂತಿದ್ದಾನೆ. ಕೊಲ್ಲೋಕೆ ಬಂದಿದ್ದೀನಿ ಅಂತ ಕಾರ್ಲ್ ಹೇಳ್ತಾನೆ, ಪೊಲೀಸರನ್ನು ಕರೆಯೋದು ಹೇಗೆ ಅಂತಲೂ ಕೇಳ್ತಾನೆ. ಡಾಯ್ಲ್ ಎದ್ದು ಓಡಲ್ಲ, ಕೈ ಮುಗಿಯಲ್ಲ. ಕೂತಲ್ಲೇ ನಂಬರ್ ಹೇಳಿಕೊಡ್ತಾನೆ. ಊರಿಗೆಲ್ಲ ಹೆದರಿಕೆ ಹುಟ್ಟಿಸಿದ ಮನುಷ್ಯನಿಗೆ ಬದುಕೋ ಆಸೆ ಎಂದೋ ಸತ್ತುಹೋಗಿತ್ತು ಅಂತ ಆ ಒಂದು ಗಳಿಗೆಯಲ್ಲಿ ಕಾಣುತ್ತದೆ. ಸಂಭಾಷಣೆಯಲ್ಲಿ ಅದು ಬರೆದಿಲ್ಲ. ಡ್ವೈಟ್ ಕೂತ ರೀತಿಯಲ್ಲಿದೆ.

ಈಗ ಅವನಿಗೆ ಎಪ್ಪತ್ತರ ಆಸುಪಾಸು. ಯಾರಾದರೂ ಒಬ್ಬ ಒಳ್ಳೆ ನಿರ್ದೇಶಕ ಇವನಿಗಾಗಿಯೇ ಒಂದು ಪೂರ್ತಿ ಸಿನಿಮಾ ಬರೆಯಲಿ ಅಂತ ನನ್ನ ಆಸೆ. ನಾಲ್ಕು ಸೀನ್ ಅಲ್ಲ, ಎರಡು ಗಂಟೆ. ಗಣಿ ಊರಿಗೆ ವಾಪಸ್ ಬರುವ ಒಬ್ಬ ಮುದುಕನ ಕತೆ ಆದರೂ ಸರಿ. ಟೋಪಿ ಇಲ್ಲದೆ.